ಪುಡಿ ಅಕ್ಕ ಕೇಳದೆ ಬಿಟ್ಟದ್ದು

ಹೊಟ್ಟೆ ಉಬ್ಬರವೆಂದು ಬಂದವರಿಗೆ ಪುಡಿ ಅಕ್ಕ ಮೊದಲು ಕೊಡುತ್ತಿದ್ದದ್ದು ಪುಡಿಯಲ್ಲ, ಕೂರಲು ಒಂದು ಸ್ಟೂಲು. ಕೂತ ಮೇಲೆ ವಿಚಾರಣೆ. ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ, ಬೆಳಿಗ್ಗೆ ಸಲೀಸಾಗಿ ಆಗುತ್ತದೆಯೇ, ಬಣ್ಣ ಹೇಗಿರುತ್ತದೆ, ಮೈ ಇಳಿದಿದೆಯೇ. ಅಂಚೆ ಗುಮಾಸ್ತರು ಒಮ್ಮೆ ಕಿವಿ ಕೆಂಪಗಾಗಿ, "ಇಷ್ಟೆಲ್ಲ ನಮ್ಮ ಮನೆಯವಳಿಗೂ ಹೇಳಿಲ್ಲ ಅಕ್ಕ," ಅಂದಿದ್ದರು. "ಅದಕ್ಕೇ ಇನ್ನೂ ವಾಸಿಯಾಗಿಲ್ಲ," ಎನ್ನುತ್ತ ಆಕೆ ಓಮದ ಡಬ್ಬಿಯ ಮುಚ್ಚಳ ತೆಗೆದಿದ್ದಳು.

ಅಜೀರ್ಣಕ್ಕೆ ಶುಂಠಿ, ವಾಯುವಿಗೆ ಓಮ, ಊಟವಾದ ಮೇಲೆ ಜಗಿಯಲು ಸೋಂಪು. ಹದವಾಗಿ ಹುರಿದು, ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿ ಪೊಟ್ಟಣ ಕಟ್ಟುವುದು ಆಕೆಯ ಕೆಲಸ. ಆದರೆ ಮೈ ಇಳಿದಿದೆ, ಮಲ ಕಪ್ಪಗಿದೆ ಎಂದವರಿಗೆ ಮಾತ್ರ ಎಷ್ಟು ಗೋಗರೆದರೂ ಪುಡಿ ಇಲ್ಲ. "ಇದು ನನ್ನ ಡಬ್ಬಿ ಕೆಲಸ ಅಲ್ಲ, ಡಾಕ್ಟರ ಹತ್ರ ಹೋಗಿ," ಎಂದು ಎಬ್ಬಿಸಿಬಿಡುತ್ತಿದ್ದಳು. ಈ ಒಂದು ಖಡಕ್ಕುತನಕ್ಕೇ ಬೀದಿಯವರು ಆಕೆಯನ್ನು ನಂಬಿದ್ದರು.

ಅಂಗಡಿಯೆಂದರೆ ಟೈಲರ್ ಅಂಗಡಿಯ ಅರ್ಧ. ಗಂಡನ ಮನೆ ಬಿಟ್ಟು ಬರಿಗೈಯಲ್ಲಿ ಬಂದ ಅಕ್ಕನಿಗೆ ತಮ್ಮ ತನ್ನ ಅಂಗಡಿಯ ನಡುವೆ ಹಲಗೆ ಬಡಿದು ಜಾಗ ಬಿಟ್ಟುಕೊಟ್ಟಿದ್ದ. ತಾನು ಮದುವೆಯ ಗೊಡವೆಗೇ ಹೋಗಲಿಲ್ಲ. ಇಪ್ಪತ್ತಾರು ವರ್ಷಗಳಿಂದ ಹಲಗೆಯ ಆ ಕಡೆ ಹೊಲಿಗೆ ಯಂತ್ರ, ಈ ಕಡೆ ಕುಟ್ಟಾಣಿ.

ಆ ತಮ್ಮನಿಗೆ ಊಟವಾದ ಮೇಲೆ ಹೊಟ್ಟೆಯುರಿ ಶುರುವಾಯಿತು. ಅಕ್ಕ ಹಲಗೆಯ ಮೇಲಿಂದಲೇ ಪೊಟ್ಟಣ ದಾಟಿಸಿದಳು. ಸ್ಟೂಲಿಲ್ಲ, ವಿಚಾರಣೆಯಿಲ್ಲ. ಎತ್ತಿ ಆಡಿಸಿದವನ ಹೊಟ್ಟೆ ತನಗೆ ಗೊತ್ತಿಲ್ಲವೇ ಎಂಬ ಹಮ್ಮು. "ಹೇಗಿದೆಯೋ?" ಎಂದರೆ, "ಪರವಾಗಿಲ್ಲ ಅಕ್ಕ," ಎನ್ನುತ್ತಿದ್ದ. ನೋಡಲಿಕ್ಕೂ ಹಾಗೇ ಇದ್ದ. ಅಂಗಿ ಎಂದಿನಂತೆ ಮೈಗೆ ಒಪ್ಪವಾಗಿ ಕೂತಿರುತ್ತಿತ್ತು. ಹೀಗೆ ಐದು ತಿಂಗಳು ಕಳೆಯಿತು.

ಒಂದು ಭಾನುವಾರ ಬಟ್ಟೆ ಒಗೆದು, ಅವನ ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ ತಂತಿಗೆ ಹಾಕುವಾಗ ಪಕ್ಕದ ಹೊಲಿಗೆ ದಪ್ಪಗೆ ಕೈಗೆ ತಗುಲಿತು. ಒಂದರ ಪಕ್ಕ ಒಂದು, ಮೂರು ಸಾಲು. ಇನ್ನೊಂದು ಅಂಗಿ ನೋಡಿದಳು, ಅದರಲ್ಲೂ ಮೂರು. ಮೈ ಇಳಿದಂತೆಲ್ಲ ತಮ್ಮ ಹೊಲಿಗೆಯನ್ನು ಒಳಗೆ ತಂದುಕೊಂಡಿದ್ದ. ಆಕೆ ಒದ್ದೆ ಅಂಗಿಯನ್ನೇ ಹಿಡಿದು ಅವನ ಮುಂದೆ ಬಂದು ನಿಂತಳು.

"ಏನೋ ಇದು?"

"ಸಡಿಲ ಆಗ್ತಿತ್ತು, ಹಿಡಿದೆ. ಟೈಲರೇ ಜೋಲು ಅಂಗಿ ಹಾಕ್ಕೊಂಡ್ರೆ ಗಿರಾಕಿ ಬರ್ತಾರಾ?"

ಆಕೆ ನಗಲಿಲ್ಲ. "ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲವಲ್ಲ," ಅಂದ. ದೂರುವ ದನಿಯಲ್ಲ. ಕೇಳಿದ್ದರೆ ಹೇಳಬೇಕಾಗುತ್ತಿತ್ತು, ಹೇಳಿದ್ದರೆ ಆಸ್ಪತ್ರೆಗೆ ಹೋಗಬೇಕಾಗುತ್ತಿತ್ತು. ಕೇಳದೇ ಇದ್ದದ್ದು ಅವನ ಹೆದರಿಕೆಗೆ ಒಳ್ಳೆಯದೇ ಆಗಿತ್ತು.

ಮರುದಿನ ಎರಡೂ ಅಂಗಡಿಗೆ ಬೀಗ ಬಿತ್ತು. ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷದ ಡಾಕ್ಟರಮ್ಮ ಕೇಳಿದ್ದೂ ಅವೇ ಪ್ರಶ್ನೆಗಳನ್ನು. ತಮ್ಮ ತಲೆ ತಗ್ಗಿಸಿ ಒಂದೊಂದಕ್ಕೂ ಉತ್ತರ ಕೊಟ್ಟ. ತೂಕ ಒಂಬತ್ತು ಕಿಲೋ ಇಳಿದಿದೆ, ಎರಡು ತಿಂಗಳಿಂದ ಮಲ ಕಪ್ಪಗಾಗುತ್ತಿದೆ. ಅಕ್ಕ ಪಕ್ಕದಲ್ಲೇ ಕೂತು ಒಂದೊಂದನ್ನೂ ಕೇಳಿಸಿಕೊಂಡಳು.

"ಇಷ್ಟು ದಿನ ಏನು ತಗೊಂಡ್ರಿ? ಯಾರು ಕೊಟ್ಟಿದ್ದು?"

"ಯಾವುದೋ ಪುಡಿ ಮೇಡಂ. ರಸ್ತೇಲಿ ಯಾರೋ ಮಾರ್ತಿದ್ರು," ಎಂದ ತಮ್ಮ.

ಬಾಗಿಲಲ್ಲಿ ಚೀಟಿ ಹಿಡಿದು ನಿಂತಿದ್ದವಳು ಬೀದಿಗೆಲ್ಲ ಹಾಲು ಹಾಕುವಾಕೆ. ಪುಡಿ ಅಕ್ಕನ ಹಳೆಯ ಗಿರಾಕಿ. ಅವಳ ಬಾಯಿಗೆ ಬಿದ್ದದ್ದು ಸಂಜೆಯೊಳಗೆ ಮನೆಮನೆ ಮುಟ್ಟುತ್ತದೆಂದು ಇಬ್ಬರಿಗೂ ಗೊತ್ತಿತ್ತು.

"ಸುಳ್ಳು ಹೇಳ್ತಿದ್ದಾನೆ," ಎಂದಳು ಅಕ್ಕ. "ಪುಡಿ ಕೊಟ್ಟೋಳು ನಾನು. ಐದು ತಿಂಗಳು ಕೊಟ್ಟೆ. ಇವನನ್ನ ಒಂದು ಮಾತೂ ಕೇಳದೆ ಕೊಟ್ಟೆ."

ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡಿದಾಗ ರಕ್ತ ಸೋರುವ ಹುಣ್ಣು ಕಂಡಿತು. ಅದರ ಒಂದು ಚೂರು ಪರೀಕ್ಷೆಗೆ ಹೋಯಿತು. ಆ ಎಂಟು ದಿನ ಆಕೆ ಕುಟ್ಟಾಣಿ ಮುಟ್ಟಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ಕೊನೆಗೆ, "ಕ್ಯಾನ್ಸರ್ ಅಲ್ಲ. ಮಾತ್ರೆ ತಪ್ಪಿಸದೆ ತಗೊಂಡ್ರೆ ವಾಸಿಯಾಗತ್ತೆ. ಇನ್ನೂ ತಡ ಮಾಡಿದ್ರೆ ಕಷ್ಟ ಇತ್ತು," ಎಂದರು ಡಾಕ್ಟರಮ್ಮ.

ಮೆಟ್ಟಿಲಿಳಿಯುವಾಗ ತಮ್ಮ ಎಂಟು ದಿನದಿಂದ ಒಳಗಿಟ್ಟುಕೊಂಡದ್ದನ್ನು ಆಡಿದ. "ನಾನು ಹೇಳಿದ್ದಕ್ಕೆ ಸುಮ್ನಿದ್ರೆ ಏನಾಗ್ತಿತ್ತು ಅಕ್ಕ? ಇಷ್ಟು ವರ್ಷದ ಹೆಸರು ಹೋಯ್ತಲ್ಲ."

"ಹೋದ್ರೆ ಹೋಗ್ಲಿ ಬಿಡೋ. ಮತ್ತೆ ಕುಟ್ಟಿ, ಸೋಸಿ ಸಂಪಾದಿಸ್ತೀನಿ. ನಿನ್ನನ್ನ ಎಲ್ಲಿಂದ ತರ್ಲಿ?" ಎನ್ನುತ್ತ ಅಕ್ಕ ಅವನ ತೋಳು ಹಿಡಿದು ಮೆಟ್ಟಿಲಿಳಿಸಿದಳು.