ಚಿಕ್ಕಕ್ಕನ ಎಡಗೆನ್ನೆ

ಚಿಕ್ಕಕ್ಕನ ಎಡಗೆನ್ನೆ ಉಬ್ಬಿಲ್ಲದ್ದನ್ನು ಹಿರೇಕೊಡಿಗೆಯಲ್ಲಿ ಯಾರೂ ಕಂಡವರಲ್ಲ. ಬೆಳಿಗ್ಗೆ ಅಡಿಕೆ ಸುಲಿಯಲು ಮೆಟ್ಟುಕತ್ತಿ ಮೇಲೆ ಕೂರುವ ಮೊದಲು ಕೆನ್ನೆಯೊಳಗೆ ಎಲೆಯಡಿಕೆಯ ಕವಳ ಸೇರಿದರೆ, ಅದು ಹೊರಗೆ ಬರುವುದು ಊಟಕ್ಕೇ. ಗಂಡ ಕೊರಗ ಸತ್ತ ಮೇಲೆ ಕವಳಕ್ಕೆ ಹೊಗೆಸೊಪ್ಪು ಸ್ವಲ್ಪ ಹೆಚ್ಚೇ ಬೀಳುತ್ತಿತ್ತು. ಆ ಸಾವಿಗೆ ಅವಳು ಅತ್ತಿರಲಿಲ್ಲ. ತಿಥಿ ಮುಗಿದ ಮರುದಿನವೇ ಸುಲಿಯಲು ಬಂದಿದ್ದಳು. ಗಟ್ಟಿ ಹೆಂಗಸು ಅಂದರು ಊರವರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಏನೂ ಆಗುತ್ತಿರಲಿಲ್ಲ, ಅಷ್ಟೆ.

ಎರಡು ಸಾವಿರದ ಐದರ ಅಡಿಕೆ ಕೊಯ್ಲಿನಲ್ಲಿ ದವಡೆ ಹಲ್ಲೊಂದು ಸಿಡಿಯತೊಡಗಿತು. ಬಿಸಿ ಕಾಫಿ ತಾಗಿದರೆ ಜೀವ ಹೋದಂತಾಗುತ್ತಿತ್ತು. ಹೊಗೆಸೊಪ್ಪನ್ನು ಹಲ್ಲಿನ ತೂತಿಗೇ ಒತ್ತಿದಳು. ಕೆಲವು ದಿನ ಕಳೆದು ನೋವು ನಿಂತೇಹೋಯಿತು. ಗುಣವಾಯಿತೆಂದು ಮರೆತಳು. ಬಾಯಲ್ಲಿ ಕೊಳೆತ ರುಚಿ ಬಂದರೆ ಎಲೆಯನ್ನು ಬೈದಳು, ಸಂಜೆ ಮೈ ಕಾದರೆ ಚಳಿಯನ್ನು. ಒಸಡಿನ ಗುಳ್ಳೆ ನಾಲಿಗೆಗೆ ಸಿಕ್ಕಿದಾಗ ಸುಣ್ಣ ಸುಟ್ಟಿರಬೇಕು ಅಂದುಕೊಂಡಳು. ಒಂದು ಬೆಳಿಗ್ಗೆ ಕೆನ್ನೆ ಭಾರವಾಗಿತ್ತು. ಕವಳ ತುಂಬಿಕೊಂಡು ಕೂತಳು. ಪಕ್ಕದವರಿಗೂ ಹೊಸದೇನೂ ಕಾಣಲಿಲ್ಲ.

ಮಧ್ಯಾಹ್ನ ಸೊಸೆ ಭಾಗ್ಯ ಬುತ್ತಿ ಬಿಚ್ಚಿದಳು.

“ಅತ್ತೆ, ಕವಳ ಉಗ್ದು ಬನ್ನಿ, ಅನ್ನ ಹಾಕ್ತೀನಿ.”

“ಉಗ್ದಾಗಿದೆ ಮಾರಾಯ್ತಿ.”

ಭಾಗ್ಯ ಸೌಟು ಕೆಳಗಿಟ್ಟಳು. “ಎಲ್ಲಿ, ಬಾಯಿ ತೆಗೀರಿ.”

ಬಾಯಿ ಒಂದು ಬೆರಳು ಹೋಗುವಷ್ಟೂ ತೆರೆಯಲಿಲ್ಲ. ಕೆನ್ನೆ ಕೆಂಡವಾಗಿತ್ತು, ಊತ ಗದ್ದದ ಕೆಳಗೆ ಇಳಿದಿತ್ತು. ಅನ್ನವನ್ನು ಅಲ್ಲೇ ಬಿಟ್ಟು ಇಬ್ಬರೂ ಕೊಪ್ಪದ ಬಸ್ಸು ಹತ್ತಿದರು.

ಹಲ್ಲಿನ ಡಾಕ್ಟರಮ್ಮ ನೋಡಿ, ನೋವು ಬಂದು ನಿಂತದ್ದನ್ನು ಕೇಳಿದವರೇ ಸಿಡುಕಿದರು. “ನೋವು ನಿಂತಾಗ್ಲೇ ಬರ್ಬೇಕಿತ್ತು. ಗುಣ ಆಗಿ ನಿಂತದ್ದಲ್ಲ ಅದು, ಒಳಗಿನ ನರ ಸತ್ತು ನಿಂತದ್ದು. ಕೀವು ಕುತ್ತಿಗೆಗೆ ಇಳಿದಿದ್ರೆ ಉಸಿರೇ ಕಟ್ತಿತ್ತು.”

ಭಾಗ್ಯಳ ಮುಖ ಬಿಳಿಚಿಕೊಂಡಿತು. ಚಿಕ್ಕಕ್ಕ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದಳು. ಸತ್ತರೆ ಸತ್ತೆ ಎಂದು ಕೂಡ ಅವಳಿಗೆ ಅನ್ನಿಸಲಿಲ್ಲ.

ಇಂಜೆಕ್ಷನ್ ಕೊಟ್ಟು, ಕೀವು ತೆಗೆದು, ಹಲ್ಲು ಕಿತ್ತು, ಮಾತ್ರೆ ಬರೆದು ಕಳಿಸಿದರು. ವಾಪಸು ಬಸ್ಸಿನಲ್ಲಿ ಮರಗಟ್ಟಿದ ಕೆನ್ನೆಯ ಜೋಮು ನಿಧಾನಕ್ಕೆ ಬಿಡತೊಡಗಿತು. ಮೊದಲು ಚುಳ್ಳೆಂದಿತು, ಆಮೇಲೆ ಒಂದೇ ಸಮ ಸಿಡಿತ. ಚಿಕ್ಕಕ್ಕನ ಕೈ ಎಲೆಚೀಲ ಹುಡುಕಿ ಸೊಂಟಕ್ಕೆ ಹೋಯಿತು. ಚೀಲ ಭಾಗ್ಯಳ ಮಡಿಲಲ್ಲಿತ್ತು.

“ಕೊಡೆ.”

“ಕೊಡಲ್ಲ. ಮಾವ ಹೋದಾಗ್ಲೂ ಬಾಯಿ ಬಿಡ್ಲಿಲ್ಲ ನೀವು. ಈಗ ನೀವೂ ಹೋಗಿದ್ರೆ ನಾ ಯಾರನ್ನ ಕೇಳ್ಲಿ?” ಭಾಗ್ಯ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿದರೆ ಅತ್ತೆಯ ಕಣ್ಣಿನಿಂದ ನೀರು ಇಳಿಯುತ್ತಿತ್ತು.

“ತುಂಬ ನೋವಾ ಅತ್ತೆ?”

“ಹೂಂ,” ಅಂದಳು ಚಿಕ್ಕಕ್ಕ, ಹತ್ತಿ ತುಂಬಿದ ಬಾಯಲ್ಲೇ. “ಅವ್ರು ಹೋಗ್ಬಾರ್ದಿತ್ತು ಕಣೆ.”