ಬಗ್ಗದ ದೂತರ ಪಾಠ

ಜಹೀರಾಬಾದಿನ ಶಾಲೆಯಲ್ಲಿ ನಾನು ಮೊದಲ ಸಲ ತರಗತಿಗೆ ಕಾಲಿಟ್ಟಾಗ ಹುಡುಗರೆಲ್ಲ ಒಮ್ಮೆಲೇ ಬಗ್ಗಿ ಕೈಯನ್ನು ನೆಲದ ಹತ್ತಿರ ಒಯ್ದರು. ಏನೋ ಬಿದ್ದಿದೆ, ಹುಡುಕುತ್ತಿದ್ದಾರೆ ಅಂದುಕೊಂಡು ನಾನೂ ಬಗ್ಗಿ ಬೆಂಚಿನ ಕೆಳಗೆ ನೋಡಿದೆ. ಅವರ ಕೈಗಳು ಮೇಲೆದ್ದು ಹಣೆಗೆ ಹೋದಾಗ ತಿಳಿಯಿತು, ಅದು ನನಗೇ ಮಾಡಿದ ಸಲಾಮು! ನಗು ತಡೆದುಕೊಳ್ಳಲು ಅವರು ಪಟ್ಟ ಪಾಡು ಇನ್ನೂ ಕಣ್ಣ ಮುಂದಿದೆ. ಇದನ್ನು ಇಲ್ಲಿ ಫರ್ಶಿ ಸಲಾಮು ಅನ್ನುತ್ತಾರೆ. ಫರ್ಶ್ ಅಂದರೆ ನೆಲ.

ಧಾರವಾಡದಲ್ಲಿ ಕೂತು ಇದನ್ನು ಓದುವ ನಿಮಗೆ ನಗು ಬರಬಹುದು. ವಾಡಿಯಲ್ಲಿ ಗಾಡಿ ಬದಲಿಸಿ ತಾಂಡೂರು ದಾಟಿದರೆ ಸಾಕು, ನೀವು ನಿಜಾಮರ ರಾಜ್ಯದೊಳಗೆ ಎಷ್ಟು ದೂರ ಬಂದಿರಿ ಎಂಬುದು ಕಿವಿಗೇ ಗೊತ್ತಾಗುತ್ತದೆ. ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು, ಮನೆಯೊಳಗೆ ನಮ್ಮದೇ ಕನ್ನಡ. ಅಲ್ಲಿಯ ಜೋಳದ ರೊಟ್ಟಿಯೇ ಇಲ್ಲಿಯೂ. ಆದರೆ ರೊಟ್ಟಿಯ ಜೊತೆಗೆ ಬರುವ ಪುಂಡಿಪಲ್ಯದ ಹುಳಿಗೆ ಮೊದಲ ವಾರ ನನ್ನ ಹಲ್ಲು ಜುಮ್ಮೆಂದವು. ನನಗೆ ಕೋಣೆ ಕೊಟ್ಟ ಶಂಕ್ರೆಮ್ಮನವರು ಲಿಂಗಪೂಜೆ ಮುಗಿಸಿ, ದಿನವೂ ಅದನ್ನೇ ಬಡಿಸಿ, ನಾನು ತಿನ್ನುವುದನ್ನು ನೋಡುತ್ತ ಕೂರುತ್ತಿದ್ದರು. ನನ್ನ ಹೆಂಡತಿ ಗಂಗಾ ಧಾರವಾಡದಲ್ಲಿ ಅಣ್ಣನ ಮನೆಯಲ್ಲಿದ್ದಳು. ನೌಕರಿ ಖಾಯಂ ಆಗುವ ತನಕ ಅವಳನ್ನು ಕರೆಸುವಂತಿರಲಿಲ್ಲ. ರಾತ್ರಿ ಒಬ್ಬನೇ ಕೂತಾಗ ಯಾಕಾದರೂ ಬಂದೆನೋ ಅನ್ನಿಸುತ್ತಿತ್ತು.

ನಾನು ಇತಿಹಾಸದ ಮಾಸ್ತರ. ಪುಸ್ತಕ ಉರ್ದುವಿನಲ್ಲಿ, ವಿವರಣೆ ಕನ್ನಡದಲ್ಲಿ, ಬೈಗುಳ ಎರಡರಲ್ಲೂ. ಗ್ರೀಕರು ಇಲ್ಲಿ ಯೂನಾನಿನವರು. ಹುಡುಗರಿಗೆ ಯೂನಾನಿ ಅಂದರೆ ಹಕೀಮರ ಔಷಧ, ಅಷ್ಟೆ. ಈರಾನಿನ ಬಾದಶಹ ಯೂನಾನಿಗೆ ದೂತರನ್ನು ಕಳಿಸಿ, ಶರಣಾದ ಗುರುತಿಗೆ ಒಂದು ಹಿಡಿ ಮಣ್ಣು, ಒಂದಿಷ್ಟು ನೀರು ಕೇಳಿದ ಕಥೆಗೆ ಬಂದಾಗ ವೀರಪ್ಪ ಎಂಬ ಹುಡುಗ ಎದ್ದು ನಿಂತ. ಅವನು ನಾರಾಯಣಖೇಡದ ಒಕ್ಕಲುತನದ ಮನೆಯವನು.

"ಮಣ್ಣು ನೀರು ಅಷ್ಟೇ ಏನ್ರಿ ಮಾಸ್ತರ್? ನಮ್ಮಪ್ಪ ಜಾಗೀರದಾರ್ರಿಗಿ ಜ್ವಾಳ ಕೊಡ್ತಾನ, ತುಪ್ಪ ಕೊಡ್ತಾನ, ಬಿಟ್ಟಿ ಬಂಡಿ ಹೊಡಿಯಾಕ ಹೋಗ್ತಾನ. ಈರಾನದವ ಭಾಳ ಛಲೋ ಅರಸ ಇದ್ದಾನಲ್ರಿ!"

ತರಗತಿ ಗೊಳ್ಳೆಂದಿತು. ನನಗೋ ಸಿಟ್ಟು ನೆತ್ತಿಗೇರಿತು. ಸ್ವಾತಂತ್ರ್ಯ ಅಂದರೆ ಏನೆಂದು ಈ ಹುಡುಗರಿಗೆ ಕಲಿಸಿಯೇ ತೀರುತ್ತೇನೆಂದು ಮುಂದಿನ ಕಥೆ ಹೇಳಿದೆ. ಯೂನಾನಿನ ಇಬ್ಬರು ದೂತರು ಈರಾನಿನ ದರ್ಬಾರಿಗೆ ಹೋದರು. ನೆಲಕ್ಕೆ ಬಗ್ಗಿ ನಮಸ್ಕರಿಸಿ ಎಂದು ಕಾವಲಿನವರು ಕತ್ತು ಹಿಡಿದು ಒತ್ತಿದರೂ ಅವರು ಬಗ್ಗಲಿಲ್ಲ, ಮನುಷ್ಯರಿಗೆ ಹಾಗೆ ಬಗ್ಗುವುದು ತಮ್ಮ ಪದ್ಧತಿಯಲ್ಲ ಅಂದರು. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನಾನು ಧಾರವಾಡದವ. ಯಾರ ಮುಂದೂ ಫರ್ಶಿ ಸಲಾಮು ಮಾಡುವವನಲ್ಲ" ಎಂದು ಎದೆ ತಟ್ಟಿಕೊಂಡೆ.

"ಧಾರವಾಡದಾಗ ಯಾರ ರಾಜ್ಯ ಅದರಿ?" ಎಂದ ವೀರಪ್ಪ.

"ಇಂಗ್ಲಿಷರದು."

ಅವನು ತಲೆಯಾಡಿಸಿ ಕೂತ. ಅದೇ ಹೆಚ್ಚು ಚುಚ್ಚಿತು.

ಕೆಲವು ದಿನಗಳಲ್ಲೇ ಮೊಹತಮೀಮ್ ಸಾಹೇಬರು, ಅಂದರೆ ಶಾಲೆಗಳ ತನಿಖಾಧಿಕಾರಿಗಳು, ಬರುವ ಸುದ್ದಿ ಬಂತು. ನನ್ನನ್ನು ಖಾಯಂ ಮಾಡುವುದೂ ಮನೆಗೆ ಕಳಿಸುವುದೂ ಅವರ ಕೈಯಲ್ಲಿತ್ತು. ಅವರ ಮುಂದೆ ತಲೆಗೆ ದಸ್ತಾರ್ ಎಂಬ ಪೇಟ, ಸೊಂಟಕ್ಕೆ ಬಗ್ಲೂಸ್ ಎಂಬ ಪಟ್ಟಿ ಇಲ್ಲದೆ ನಿಲ್ಲುವಂತಿಲ್ಲ. ಎರಡನ್ನೂ ಕಡ ತಂದೆ. ಶಂಕ್ರೆಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮದುಮಗ ಕಂಡಂಗ ಕಾಣ್ತೀರಿ! ಬಗ್ಗಿ ಸಲಾಮ್ ಹೊಡ್ದು ಬರ್ರಿ, ಸೊಸಿ ಮನಿಗಿ ಬರ್ಲಿ" ಅಂದರು. "ಬಗ್ಗುವ ಮಾತು ಬೇಡ್ರಿ ಅವ್ವ" ಎಂದು ಬಿರುಸಾಗಿಯೇ ಹೇಳಿ ಹೊರಟೆ.

ಸಾಹೇಬರು ಒಳಗೆ ಬಂದರು. ವಯಸ್ಸಾದ, ಮೃದು ಮುಖದ ಮನುಷ್ಯ. ಯಾರೂ ನನ್ನ ಕತ್ತು ಹಿಡಿಯಲಿಲ್ಲ, ಯಾರೂ ಒತ್ತಲಿಲ್ಲ. ಒಂದು ಕ್ಷಣ ಗಂಗಾಳ ಮುಖ ಕಣ್ಣ ಮುಂದೆ ಬಂತು, ಅಷ್ಟೆ. ನನ್ನ ಬೆನ್ನು ತಾನಾಗಿಯೇ ಬಾಗಿತು, ಎಷ್ಟು ಬಾಗಿತೆಂದರೆ ಬೆರಳಿಗೆ ತಾಂಡೂರು ಕಲ್ಲಿನ ತಣ್ಣನೆಯ ನೆಲ ತಾಗಿತು. ಅಷ್ಟು ಬಗ್ಗುವ ಅಗತ್ಯವೇ ಇರಲಿಲ್ಲವಂತೆ! ಸಾಹೇಬರೇ ಮುಜುಗರಪಟ್ಟು "ಬಸ್, ಬಸ್" ಅಂದರು. ಹುಡುಗರು ಗೋಡೆ ನೋಡುತ್ತಿದ್ದರು. ಅವರು ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ನನ್ನ ಮಾನ ಉಳಿಸಲೆಂದು ಮುಖ ತಿರುಗಿಸಿದ್ದರಲ್ಲ, ಅಯ್ಯೋ, ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನೌಕರಿ ಖಾಯಂ ಆಯಿತು. ಮರುದಿನ ತರಗತಿಯಲ್ಲಿ ತಲೆಯೆತ್ತಲಾಗಲಿಲ್ಲ. ಪಾಠ ಮುಗಿದ ಮೇಲೆ ವೀರಪ್ಪ ಮೇಜಿನ ಬಳಿ ಬಂದ.

"ಮನಸಿಗಿ ಹಚ್ಕೋಬ್ಯಾಡ್ರಿ ಮಾಸ್ತರ್. ಆ ದೂತರು ತಮ್ಮ ಊರಿಗಿ ವಾಪಸ್ ಹೋಗಾವ್ರಿದ್ರು. ಇಲ್ಲೇ ಬಾಳ್ವಿ ಮಾಡಾವ್ರ ಕತಿ ಬ್ಯಾರೆ ಅದ. ಈಗ ನೀವು ನಮ್ಮವ್ರು ಆದ್ರಿ."

ಬಂದಂದಿನಿಂದ ಯಾರಾದರೂ ಆ ಮಾತು ಹೇಳಲಿ ಎಂದು ಕಾಯುತ್ತಿದ್ದೆ. ಅದು ಇಂಥ ಕಾರಣಕ್ಕೆ ಸಿಗಬೇಕೇ?

ಗಂಗಾ ಬಂದಳು, ಪುಂಡಿಪಲ್ಯ ಮಾಡುವುದನ್ನು ಶಂಕ್ರೆಮ್ಮನಿಂದ ಕಲಿತಳು. ರಜೆಗೆ ಧಾರವಾಡಕ್ಕೆ ಹೋದರೆ ಹಿರಿಯರ ಎದುರು ನನ್ನ ಕೈ ನನಗೇ ತಿಳಿಯದೆ ಹಣೆಗೆ ಹೋಗುತ್ತದೆ. ನಿಜಾಮರ ರಾಜ್ಯಕ್ಕೆ ಅಲ್ಲಿ ಮೊಗಲಾಯಿ ಅನ್ನುತ್ತಾರೆ. "ಮೊಗಲಾಯಿಯವ ಬಂದ" ಎಂದು ಎಲ್ಲರೂ ನಗುತ್ತಾರೆ. ಇಲ್ಲಿ ಬಂದರೆ ನಾನು ಇನ್ನೂ ಧಾರವಾಡ ಮಾಸ್ತರನೇ.

ಪ್ರತಿ ವರ್ಷ ಆ ಪಾಠ ಬರುತ್ತದೆ. ದೂತರ ಕಥೆಯನ್ನು ಪುಸ್ತಕ ಮುಖಕ್ಕೆ ಅಡ್ಡ ಹಿಡಿದು ಓದುತ್ತೇನೆ. ಪ್ರತಿ ವರ್ಷವೂ ಯಾರಾದರೊಬ್ಬ ಹುಡುಗ ಕೇಳಿಯೇ ಕೇಳುತ್ತಾನೆ, ಅವರು ಯಾಕ ಬಗ್ಗಲಿಲ್ರಿ ಎಂದು.

"ಅವ್ರಿಗಿ ವಾಪಸ್ ಹೋಗಾಕ ಊರಿತ್ತಪ್ಪ" ಅನ್ನುತ್ತೇನೆ.