ಬಂಡಮ್ಮನ ಪರ ನಿಂತವಳು

ಉದಗೀರದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ವೈಜನಾಥನಿಗೆ ಹಳೆಯ ಗ್ರೀಸಿನ ಪಾಠವೆಂದರೆ ಪ್ರಾಣ. ಎಪ್ಪತ್ತೆರಡರ ಬರದಲ್ಲಿ ಹಾಸ್ಟೆಲಿಗೆ ನೀರಿಲ್ಲದೆ ಕಾಲೇಜು ಮುಚ್ಚಿದಾಗ ಅವನು ಮಹಾರಾಷ್ಟ್ರದ ಗಡಿಯೂರು ಕಾಸಾರಶಿರಸಿಯ ಮನೆಗೆ ಬಂದ. ಬಂದು ನೋಡಿದರೆ ಹೆಂಡತಿ ಸುಮಿತ್ರಾಬಾಯಿ ಸರಕಾರದ ಕೆರೆ ಕೆಲಸಕ್ಕೆ ಮಣ್ಣು ಹೊರಲು ಹೋಗಿದ್ದಳು.

ಕಾಳಿನ ಅಂಗಡಿಯವರ ಸೊಸೆ ತಲೆಯ ಮೇಲೆ ಬುಟ್ಟಿ ಹೊರುವುದೇ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ವೈಜನಾಥನಿಗೂ ಮುಜುಗರವಾಯಿತು. ಅಥೆನ್ಸಿನ ದೊಡ್ಡ ಮನೆತನದವರು ಮೈಮುರಿದು ದುಡಿಯುವುದನ್ನು ಕೀಳೆಂದು ಕಾಣುತ್ತಿದ್ದರು, ದುಡಿಮೆಯನ್ನೆಲ್ಲ ಗುಲಾಮರ ಮೇಲೆ ಹಾಕುತ್ತಿದ್ದರು ಎಂದು ವರ್ಷವರ್ಷವೂ ನಗುತ್ತ ಪಾಠ ಹೇಳಿದವನು ಅವನು. ಆ ಗುಣ ತನ್ನಲ್ಲೂ ಇದೆಯಲ್ಲ ಎಂದು ನಾಚಿ, ಮರುದಿನ ಸಲಿಕೆ ಹಿಡಿದು ಅವಳ ಹಿಂದೆಯೇ ಹೊರಟ. ಅಂಗೈಯಲ್ಲಿ ಗುಳ್ಳೆ ಎದ್ದಾಗ ಆಕೆ ಹಳೆಯ ಬಟ್ಟೆ ಹರಿದು ಕಟ್ಟಿದಳು. ಮನೆಯಲ್ಲಿ ಕೂತು ಮೋಡ ನೋಡುವುದಕ್ಕಿಂತ ಇದೇ ಸುಖ ಎಂದಳು.

ಮಧ್ಯಾಹ್ನ ಜಾಲಿಯ ನೆರಳಲ್ಲಿ ರೊಟ್ಟಿ ಬಿಚ್ಚಿದ ಹೆಂಗಸರು, ಮಾಸ್ತರರು ಕಲಿಸುವುದೇನೆಂದು ಕೇಳಿದರು. ಅವನು ಅಥೆನ್ಸಿನ ಸುದ್ದಿ ಹೇಳಿದ. ಅಲ್ಲಿ ರೈತ, ಚಮ್ಮಾರರೂ ಗುಡ್ಡದ ಮೇಲೆ ಸಭೆ ಸೇರಿ ಕೈಯೆತ್ತಿ ತೀರ್ಮಾನ ಮಾಡುತ್ತಿದ್ದರಂತೆ. ಹೆಂಗಸರಿಗೂ ಗುಲಾಮರಿಗೂ ಮಾತ್ರ ಜಾಗವಿರಲಿಲ್ಲ. ಬೇರೆ ಊರಿಂದ ಬಂದು ನೆಲೆಸಿದವರು ಕಂದಾಯ ಕೊಟ್ಟರೂ, ಯುದ್ಧಕ್ಕೆ ಹೋದರೂ ಹೊರಗಿನವರೇ. ಅಂಥವರ ಪರವಾಗಿ ಊರಿನವನೊಬ್ಬ ನಿಲ್ಲಬೇಕಿತ್ತು.

ಸುಮಿತ್ರಾಬಾಯಿ ತುತ್ತು ಕೆಳಗಿಟ್ಟಳು. ಅತ್ತ ಏರಿಯ ಹತ್ತಿರ ಬಂಡಮ್ಮ ಒಬ್ಬಳೇ ಕೂತಿದ್ದಳು. ಭಾಲ್ಕಿ ಕಡೆಯಿಂದ ಬಂದು ಇದೇ ಊರಲ್ಲಿ ಮಕ್ಕಳನ್ನು ಬೆಳೆಸಿದ ವಿಧವೆ. ಗಡಿಯಾಚೆಯವಳೆಂದು, ಆಳುಗಳ ಮೇಲ್ವಿಚಾರಕನಾದ ಮುಕಾದಮ ಬೆಳಿಗ್ಗೆಯೇ ಆಕೆಗೆ ಕೆಲಸ ಕೊಡಲು ಒಪ್ಪಿರಲಿಲ್ಲ.

ಸುಮಿತ್ರಾಬಾಯಿ ನೇರ ಮುಕಾದಮನ ಬಳಿಗೆ ಹೋದಳು.

"ಆಕಿ ನಮ್ಮೂರಾಕೀನೇ ಅದಾಳ್ರಿ. ಆಕಿ ಸಲುವಾಗಿ ನಾ ನಿಂತೀನಿ."

ನಾಳೆ ಮೇಲಿನವರು ಕೇಳಿದರೆ ಏನು ಹೇಳಲಿ ಎಂದು ಅವನು ತಡವರಿಸಿದ. ತನ್ನನ್ನೇ ತೋರಿಸಿರಿ ಎಂದಳು. ಅಷ್ಟರಲ್ಲಿ ಉಳಿದ ಹೆಂಗಸರೂ ಎದ್ದು ಬಂದು ಅವಳ ಹಿಂದೆ ನಿಂತಿದ್ದರು. ಮುಕಾದಮ ಬಂಡಮ್ಮನನ್ನು ಕರೆದು ಬುಟ್ಟಿ ಕೊಟ್ಟ.

ಸಂಜೆ ಮನೆಗೆ ನಡೆಯುವಾಗ ವೈಜನಾಥ ಮೆಲ್ಲಗೆ ಹೇಳಿದ: "ಅಥೆನ್ಸಿನಾಗ ನಿನಗ ಹಿಂಗ ನಿಂದ್ರಾಕ ಬರ್ತಿದ್ದಿಲ್ಲ."

"ಛಲೋ ಆಯ್ತು ಬಿಡ್ರಿ, ನಾ ಇಲ್ಲೇ ಗುಂಜೋಟ್ಯಾಗ ಹುಟ್ಟೀನಿ" ಎಂದಳು. ಅವನು ನಕ್ಕು, ಅವಳ ಖಾಲಿ ಬುಟ್ಟಿಯನ್ನು ತಾನು ತೆಗೆದುಕೊಂಡ.

ಮರುವರ್ಷದ ಮಳೆಗೆ ಕೆರೆ ಅರ್ಧಕ್ಕೂ ಮೇಲೆ ತುಂಬಿತು. ಬಂಡಮ್ಮ ಅದರ ಕೆಳಗೆ ತುಂಡು ಹೊಲವನ್ನು ಪಾಲಿಗೆ ಹಿಡಿದು ಬದನೆ, ಮೆಣಸಿನಕಾಯಿ ಬೆಳೆದಳು. ಸಂತೆಯಲ್ಲಿ ಬುಟ್ಟಿ ಇಟ್ಟು ಕೂತ ಆಕೆಯನ್ನು ಎಲ್ಲಿಯವಳೆಂದು ಯಾರೂ ಕೇಳಲಿಲ್ಲ.